ಯಾರಂದ್ರಕ್ಕ ಮತ್ತು ನೀಲಿ ವ್ಯಾನು

ನನ್ನ ಕಸುಬು ಏನೆಂದು ಕೇಳಿದವರಿಗೆ ನಾನು ಪೂರ್ತಿ ಉತ್ತರ ಹೇಳುವಷ್ಟರಲ್ಲಿ ಆಕಳಿಕೆ ಬಂದಿರುತ್ತದೆ. ಒಂದು ಕೆಲಸ ಮಾಡುವವರಿಗೆ ಏನೇನು ಗೊತ್ತಿರಬೇಕು, ಏನೇನು ಮಾಡಲು ಬರಬೇಕು, ಬರುತ್ತದೆಯೋ ಇಲ್ಲವೋ ಎಂದು ಹೇಗೆ ಪರೀಕ್ಷಿಸಬೇಕು, ಇದನ್ನೆಲ್ಲ ಪಟ್ಟಿ ಮಾಡಿ ಬರೆದುಕೊಡುವುದು ನನ್ನ ಕೆಲಸ. ಅದಕ್ಕೆ ಅರ್ಹತಾ ಚೌಕಟ್ಟು ಎಂದು ಹೆಸರು. ಲಿಫ್ಟ್ ರಿಪೇರಿಯವರಿಗೆ ಬರೆದಿದ್ದೇನೆ, ಕ್ರೇನ್ ಓಡಿಸುವವರಿಗೆ ಬರೆದಿದ್ದೇನೆ, ಆಸ್ಪತ್ರೆಯ ನರ್ಸ್‌ಗಳಿಗೆ ಬರೆದಿದ್ದೇನೆ. ಗಂಡಂದಿರಿಗೂ ಒಂದು ಚೌಕಟ್ಟು ಬರೆಯಿರಿ, ಮೊದಲ ಪರೀಕ್ಷೆಗೆ ನೀವೇ ಕೂರಿ ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ.

ಗುಪ್ತಚರ ಇಲಾಖೆಯಿಂದ ಕರೆ ಬಂದಾಗ ಮಾತ್ರ ಅವಳೂ ಹುಬ್ಬೇರಿಸಿದಳು. ನನಗೂ ಒಳಗೊಳಗೇ ಜಂಬ. ಕಪ್ಪು ಕನ್ನಡಕ, ಕಳ್ಳ ಬಾಗಿಲು, ಇನ್ನೂ ಏನೇನೋ ಇರುತ್ತದೆ ಎಂದುಕೊಂಡು ಹೋದರೆ ಅಲ್ಲಿ ಇದ್ದದ್ದು ಮೂರನೇ ಮಹಡಿಯ ಒಂದು ಉದ್ದನೆಯ ಕೋಣೆ, ಹನ್ನೊಂದು ಮೇಜು, ಮಿಣಮಿಣ ಎನ್ನುವ ಒಂದು ಟ್ಯೂಬ್‌ಲೈಟು, ಮೂಲೆಯಲ್ಲಿ ಒಳಗೆಲ್ಲ ಬಿಳಿ ಪದರ ಕಟ್ಟಿದ ನೀರು ಕಾಯಿಸುವ ಕೆಟಲ್. ಜನ ಕೂತು ಓದುತ್ತಿದ್ದರು. ಊರೂರು ತಿರುಗುವ ಫೀಲ್ಡ್‌ನವರು ಕಳಿಸಿದ ವರದಿಗಳನ್ನು ಓದುವುದು, ತೂಗಿ ನೋಡುವುದು, ಇದು ನಿಜವೇ, ನಿಜವಾದರೆ ಎಷ್ಟು ನಿಜ ಎಂದು ಒಂದೇ ಒಂದು ಪುಟದಲ್ಲಿ ಬರೆದು ಮೇಲಿನವರಿಗೆ ಕಳಿಸುವುದು. ಇಷ್ಟೇ ಆ ಕೋಣೆಯ ಕೆಲಸ. ಪುಟದ ಕೆಳಗೆ ಬರೆದವರ ಹೆಸರು ಇರುವುದಿಲ್ಲ, ಮೇಜಿನ ನಂಬರು ಮಾತ್ರ ಇರುತ್ತದೆ.

ನಿರ್ದೇಶಕರು ಸುತ್ತಿ ಬಳಸದೆ ವಿಷಯ ಹೇಳಿದರು. ಮೇಲಿನಿಂದ ಆದೇಶ ಬಂದಿದೆ. ಎಂಟು ತಿಂಗಳಲ್ಲಿ ಚೌಕಟ್ಟು ಸಿದ್ಧವಾಗಬೇಕು, ವರ್ಷದ ಕೊನೆಗೆ ಪರೀಕ್ಷೆ ನಡೆಯಬೇಕು. ಪ್ರಮಾಣಪತ್ರ ಸಿಕ್ಕದವರು ಹೊಸ ವರ್ಷದಿಂದ ಈ ಮೇಜುಗಳಲ್ಲಿ ಕೂರುವ ಹಾಗಿಲ್ಲ, ನೆಲಮಾಳಿಗೆಯ ದಾಖಲೆ ಕೊಠಡಿಗೆ ಇಳಿಯಬೇಕು. ಮೊದಲು ನಾಲ್ಕನೇ ಮೇಜಿನವರ ಹತ್ತಿರ ಹೋಗಿ, ಕೆಲಸ ಅವರಷ್ಟು ಗೊತ್ತಿರುವವರು ಇಲ್ಲಿ ಯಾರೂ ಇಲ್ಲ ಎಂದರು.

ನಾಲ್ಕನೇ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಐವತ್ತಾರರ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಯ ಮೇಲೆ ಒಂದು ಪೆನ್ಸಿಲು. ಇಪ್ಪತ್ತೆರಡನೇ ವಯಸ್ಸಿಗೆ ಟೈಪಿಸ್ಟ್ ಆಗಿ ಸೇರಿದವರು, ಡಿಗ್ರಿ ಇಲ್ಲ, ನಿವೃತ್ತಿಗೆ ಎರಡು ವರ್ಷ ಬಾಕಿ. ನಾನು ಹಲ್ಲು ಕಿರಿದು, ಈ ಕೆಲಸ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ನಿಮಗೇ ಅಂತೆ ಮೇಡಂ ಎಂದೆ.

"ಯಾರಂದ್ರು?" ಎಂದರು, ಕಾಗದದಿಂದ ತಲೆ ಎತ್ತದೆ.

"ನಿರ್ದೇಶಕರು."

"ಅವರಿಗೆ ಯಾರಂದ್ರು?"

ನನಗೆ ಸ್ವಲ್ಪ ರೇಗಿತು. ನಿರ್ದೇಶಕರೊಬ್ಬರೇ ಅಲ್ಲ, ಎರಡು ವಾರದ ಹಿಂದೆ ಹೆಡ್ ಗುಮಾಸ್ತರೂ ಫೋನಿನಲ್ಲಿ ಇದೇ ಮಾತು ಹೇಳಿದ್ದರು, ಇಬ್ಬರು ಹೇಳಿದ ಮೇಲೆ ಇನ್ನೇನು ಎಂದೆ. ಆಗ ಪೆನ್ಸಿಲು ಕೆಳಗಿಟ್ಟರು. ಆ ಫೋನು ಆದ ಮೇಲೆ ನೀವು ನಿರ್ದೇಶಕರಿಗೆ ಪತ್ರ ಬರೆದಿರಾ ಎಂದು ಕೇಳಿದರು. ಬರೆದಿದ್ದೆ. ಪತ್ರದಲ್ಲಿ ಏನಿತ್ತು ಎಂದು ಕೇಳಿದರು. ನಾಲ್ಕನೇ ಮೇಜಿನವರು ಬಹಳ ಅನುಭವಿ ಎಂದು ತಿಳಿದುಬಂದಿದೆ, ಅವರನ್ನು ಭೇಟಿ ಮಾಡಿಸಬೇಕು ಎಂದಿತ್ತು.

ಈ ನಿರ್ದೇಶಕರು ಬಂದು ನಾಲ್ಕು ತಿಂಗಳಾಗಿದೆ, ನನ್ನ ಜೊತೆ ಎರಡು ಸಲ ಮಾತಾಡಿದ್ದಾರೆ, ಎರಡು ಸಲವೂ ಕೆಟಲ್ ಕೆಟ್ಟಿದೆ ಎಂಬ ವಿಷಯ ಎಂದರು. ನಿಮ್ಮ ಪತ್ರ ಓದಿ ನಿಮ್ಮ ಮಾತನ್ನೇ ನಿಮಗೆ ವಾಪಸ್ ಕೊಟ್ಟಿದ್ದಾರೆ. ಹಾಗಾಗಿ ಹೇಳಿದವರು ಇಬ್ಬರಲ್ಲ, ಹೆಡ್ ಗುಮಾಸ್ತರು ಒಬ್ಬರೇ. ಅವರು ನನ್ನ ತಮ್ಮನ ಸ್ನೇಹಿತ, ಅವರ ಮಾತು ಬಿಟ್ಟುಬಿಡಿ ಎಂದು ಮತ್ತೆ ಓದಲು ಶುರು ಮಾಡಿದರು. ನಾನು ಪೆಚ್ಚುಮೋರೆ ಹಾಕಿಕೊಂಡು ನಿಂತೆ. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.

ಕೋಣೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಯಾರಂದ್ರಕ್ಕ ಎಂದು. ಯಾವ ಸುದ್ದಿ ತಂದರೂ ಮೊದಲು ಅವರ ಬಾಯಿಂದ ಬರುವ ಮಾತು ಅದೊಂದೇ. ಸಂಬಳ ಹೆಚ್ಚಾಗುತ್ತದಂತೆ ಎಂದರೂ ಯಾರಂದ್ರು, ನಾಳೆ ಮಳೆಯಂತೆ ಎಂದರೂ ಯಾರಂದ್ರು. ಅವರ ಮಗಳು ನನಗೆ ಹುಡುಗ ಒಪ್ಪಿಗೆ ಎಂದಾಗಲೂ ಇದೇ ಪ್ರಶ್ನೆ ಕೇಳಿದರು ಎಂದು ಉಪನಿರ್ದೇಶಕರು ನಗುತ್ತಾ ಹೇಳುತ್ತಿದ್ದರು. ಅದು ನಿಜವಲ್ಲವಂತೆ, ಆಮೇಲೆ ವಿಚಾರಿಸಿದೆ.

ಅವರ ಕೆಲಸದ ರೀತಿಯನ್ನು ನಾನು ದಿನಗಟ್ಟಲೆ ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ವರದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬೇರು ಬರೆಯುತ್ತಿದ್ದರು. ಇವನಿಗೆ ಹೇಳಿದವನು ಯಾರು, ಅವನಿಗೆ ಹೇಳಿದವನು ಯಾರು, ಅವನು ಕಣ್ಣಾರೆ ಕಂಡನೋ ಕಿವಿಯಲ್ಲಿ ಕೇಳಿದನೋ ಎಂದು ಒಂದೊಂದೇ ಗೆರೆ ಕೆಳಗೆ ಇಳಿಯುತ್ತಿತ್ತು. ಬೇರಿನ ತುದಿ ಸಿಗುವ ತನಕ ಪುಟ ಬರೆಯುತ್ತಿರಲಿಲ್ಲ. ಮೇಲಿನಿಂದ ಎಷ್ಟೇ ಅವಸರ ಮಾಡಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಬೇರೆ ಮೇಜಿನವರ ಪುಟಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇರುತ್ತಿದ್ದವು. ಇವರ ಪುಟ ಮಾತ್ರ ಇದು ಗೊತ್ತು, ಇದು ಗೊತ್ತಿಲ್ಲ ಎಂದು ಬಿಡಿಸಿ ಹೇಳುತ್ತಿತ್ತು.

ನಾನು ಅವರನ್ನು ಅಕ್ಕ ಎನ್ನಲು ಶುರು ಮಾಡಿದೆ. ಅವರು ನನಗೆ ಪಟ್ಟಿ ಮೇಷ್ಟ್ರು ಎಂದು ಹೆಸರಿಟ್ಟರು. ನನ್ನ ಚೌಕಟ್ಟು ಬೆಳೆಯಿತು. ಓದುವುದಕ್ಕೆ ಒಂದು ಘಟಕ, ಬರೆಯುವುದಕ್ಕೆ ಒಂದು, ಮೂಲ ಪರಿಶೀಲನೆಗೆ ಒಂದು, ಹೀಗೆ ಒಂಬತ್ತು ಘಟಕ. ಪ್ರತಿ ಘಟಕದ ಪಕ್ಕದಲ್ಲಿ ಒಂದು ನಿಜವಾದ ಘಟನೆ ಬರೆಯಬೇಕು ಎಂಬುದು ನನ್ನ ಪದ್ಧತಿ. ಈ ವಿದ್ಯೆ ಇಲ್ಲದೆ ಯಾರಿಗೆ ಏನಾಯಿತು ಎಂದು ಗೊತ್ತಾಗದಿದ್ದರೆ ಕಲಿಯುವವನಿಗೆ ಅದು ಬರೀ ಪಾಠ. ಎಂಟು ಘಟಕಕ್ಕೆ ಘಟನೆ ಸಿಕ್ಕಿತು. ಮೂಲ ಪರಿಶೀಲನೆಯ ಖಾನೆ ಮಾತ್ರ ಖಾಲಿ. ಆ ವಿದ್ಯೆಯಲ್ಲಿ ಪಳಗಿದವರು ಅಕ್ಕ ಒಬ್ಬರೇ, ಅವರು ಬಾಯಿ ಬಿಡುತ್ತಿರಲಿಲ್ಲ. ಇದನ್ನು ಎಲ್ಲಿ ಕಲಿತಿರಿ ಎಂದರೆ, ಕೆಲಸ ಮಾಡ್ತಾ ಮಾಡ್ತಾ ಬಂತು ಎನ್ನುವರು. ಹತ್ತು ಸಲ ಕೇಳಿರಬಹುದು.

ಅವರಿಗೆ ಆ ಪ್ರಮಾಣಪತ್ರ ಬೇಕಾಗಿತ್ತು. ಇದನ್ನು ಅವರು ಮುಚ್ಚಿಡಲೂ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಹೊರಗಿನವರ ಕೈಗೆ ಹೋದ ಒಂದು ಕಾಗದದ ಮೇಲೂ ತಮ್ಮ ಹೆಸರಿಲ್ಲ, ಇದೊಂದರ ಮೇಲಾದರೂ ಇರುತ್ತದೆ ಎಂದಿದ್ದರು. ಮೇಜು ಬಿಡುವ ಮಾತಂತೂ ಅವರಿಗೆ ಊಹಿಸಲೂ ಆಗುತ್ತಿರಲಿಲ್ಲ. ಓದೋದು ಬಿಟ್ಟರೆ ನನಗೆ ಬೇರೇನೂ ಬರಲ್ಲ ಮೇಷ್ಟ್ರೆ, ಅಡುಗೆ ಕೂಡ ನಮ್ಮವರದ್ದೇ ಎಂದು ನಗುತ್ತಿದ್ದರು.

'ನಮ್ಮವರು' ಎಂದರೆ ಅವರ ಗಂಡ, ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಒಂದು ಸಂಜೆ ನನ್ನ ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ದಾರಿಯ ಬೇಕರಿಯಲ್ಲಿ ಆಗಷ್ಟೇ ಬಂದ ಬ್ರೆಡ್ ಒಂದು ಪೌಂಡು ತೆಗೆದುಕೊಂಡಿದ್ದೆ. ಆತ ನಗುತ್ತಲೇ ಈಸಿಕೊಂಡು, ಹಾಗೇ ಬಾಗಿಲಿಂದ ಕೈ ಚಾಚಿ ಪಕ್ಕದ ಬೀಗ ರಿಪೇರಿಯವನಿಗೆ ದಾಟಿಸಿಬಿಟ್ಟರು. ನನ್ನ ಮುಖ ನೋಡಿ ಅವರಿಗೇ ಸಂಕೋಚವಾಯಿತು.

"ಬೇಜಾರು ಮಾಡ್ಕೋಬೇಡಿ. ನಮ್ಮನೆ ಒಳಗೆ ಬ್ರೆಡ್ ಬರಲ್ಲ. ಹತ್ತೊಂಬತ್ತು ವರ್ಷ ಆಯ್ತು. ಅವಳು ಒಂದು ದಿನ ಬೇಡ ಅಂದ್ಲು, ನಿಲ್ಲಿಸಿಬಿಟ್ವಿ. ಯಾಕೆ ಅಂತ ನಾನು ಕೇಳಿಲ್ಲ. ಅವಳ ಆಫೀಸಿನ ವಿಷಯ ಅಂದ್ರೆ ನಾನು ಕೇಳೋದೇ ಇಲ್ಲ."

ಆತ ನನ್ನ ಸೊಂಟದ ಅಳತೆ ಎರಡು ಸಲ ತೆಗೆದರು. ಗೋಡೆಯ ಮೇಲೆ, ಕನ್ನಡಿಗೂ ಕ್ಯಾಲೆಂಡರಿಗೂ ನಡುವೆ, ಒಂದು ಹೊಸ ಮೊಳೆ ಹೊಡೆದಿತ್ತು. ಅದು ಅಕ್ಕನ ಪ್ರಮಾಣಪತ್ರಕ್ಕಂತೆ. ಬಂದವರಿಗೆಲ್ಲ ಕಾಣುವ ಜಾಗ ಎಂದು ತೋರಿಸಿದರು. ಪರೀಕ್ಷೆಯೇ ಇನ್ನೂ ಆಗಿಲ್ಲ ಎಂದು ನಾನು ಹೇಳಲಿಲ್ಲ.

ಐದನೇ ತಿಂಗಳು ನಾನು ಪಟ್ಟು ಹಿಡಿದೆ. ಖಾಲಿ ಖಾನೆ ಇಟ್ಟುಕೊಂಡು ಚೌಕಟ್ಟು ಕೊಡಲಾರೆ, ನಿಮ್ಮ ಬೇರು ಬರೆಯುವ ವಿದ್ಯೆ ನಿಮ್ಮ ಜೊತೆಗೇ ಮನೆಗೆ ಹೋಗಿಬಿಡುತ್ತದೆ, ಆಮೇಲೆ ಈ ಕೋಣೆ ಗಾಳಿಸುದ್ದಿಗೆ ಮುದ್ರೆ ಒತ್ತುತ್ತಾ ಕೂರುತ್ತದೆ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಮಾರನೆಯ ದಿನ ಅಕ್ಕ ದಾಖಲೆ ಕೊಠಡಿಗೆ ಒಂದು ಚೀಟಿ ಕಳಿಸಿ ಹಳೆಯ ಕಡತವೊಂದನ್ನು ತರಿಸಿದರು. ಮೂರು ದಿನ ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಆ ಮೂರು ದಿನ ಅವರ ಬಾಯಲ್ಲಿ ಯಾರಂದ್ರು ಎಂಬ ಮಾತು ಒಮ್ಮೆಯೂ ಬರಲಿಲ್ಲ ಎಂದು ಹಿಂದಿನ ಮೇಜಿನವರು ಆಮೇಲೆ ನೆನಪಿಸಿಕೊಂಡರು.

ನಾಲ್ಕನೇ ದಿನ ನನ್ನನ್ನು ಪಕ್ಕದ ಚಿಕ್ಕ ಕೋಣೆಗೆ ಕರೆದು, ಬಾಗಿಲು ಹಾಕಿ, ಮೇಜಿನ ಮೇಲೆ ಮೂರು ಕಾಗದ ಜೋಡಿಸಿದರು. ಓದಿ ಒಂದು ಸಾಲು ಬರೆಯಿರಿ ಎಂದರು.

ಮೂರೂ ಹತ್ತೊಂಬತ್ತು ವರ್ಷ ಹಳೆಯ ವರದಿಗಳು. ಮೊದಲನೆಯದು ಇದೇ ಇಲಾಖೆಯ ಫೀಲ್ಡ್‌ನವನದ್ದು. ಒಬ್ಬ ಬೇಕರಿ ಡ್ರೈವರ್ ತನ್ನ ಬಿಳಿ ವ್ಯಾನಿನಲ್ಲಿ ಬ್ರೆಡ್ ಟ್ರೇಗಳ ಕೆಳಗೆ ಬಂದೂಕು ಸಾಗಿಸುತ್ತಿದ್ದಾನೆ ಎಂದು. ಎರಡನೆಯದು ಆರು ವಾರದ ನಂತರ ಗಡಿ ಪೊಲೀಸರಿಂದ ಬಂದದ್ದು. ಅದೇ ಡ್ರೈವರ್, ಅದೇ ಬಂದೂಕು, ನೀಲಿ ವ್ಯಾನು. ಮೂರನೆಯದು ಸುಂಕ ಇಲಾಖೆಯದು. ಅದೂ ಅದೇ ಡ್ರೈವರ್, ಅದೇ ಬಂದೂಕು, ನೀಲಿ ವ್ಯಾನು, ನಂಬಲರ್ಹ ಮೂಲದಿಂದ ತಿಳಿದುಬಂದಿದೆ.

ನಾನು ಅಷ್ಟು ದಿನ ಅಕ್ಕನ ಪಕ್ಕದಲ್ಲಿ ಕೂತು ಕಲಿತಿದ್ದವನು. ಬಣ್ಣದ ವ್ಯತ್ಯಾಸ ಗಮನಿಸಿದೆ, ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಬ್ಬರು ನೀಲಿ ಅಂದಿದ್ದಾರೆ, ಒಬ್ಬ ಬಿಳಿ ಅಂದಿದ್ದಾನೆ, ಮೊದಲನೆಯವನು ಕತ್ತಲಲ್ಲಿ ನೋಡಿರಬೇಕು, ವ್ಯಾನು ನೀಲಿಯದೇ ಎಂದೆ. ಮೂರು ಬೇರೆ ಬೇರೆ ಇಲಾಖೆಗಳು ಹೇಳಿವೆ, ಇನ್ನು ಅನುಮಾನ ಎಲ್ಲಿಯದು ಎಂದು ಬರೆದುಕೊಟ್ಟೆ.

"ನಾನೂ ಹೀಗೇ ಬರೆದೆ" ಎಂದರು ಅಕ್ಕ.

ಆಮೇಲೆ ನಾಲ್ಕನೇ ಕಾಗದ ತೆಗೆದು ಮೇಲಿಟ್ಟರು. ಮೊದಲ ವರದಿ ಬಂದ ವಾರ ಅವರೇ ಬರೆದಿದ್ದ ಪುಟ ಅದು. ಒಬ್ಬನೇ ಹೇಳಿದ್ದು, ಬೇರೆ ಯಾರೂ ಹೇಳಿಲ್ಲ, ಕಾದು ನೋಡಬೇಕು ಎಂದು ಸರಿಯಾಗಿಯೇ ಬರೆದಿದ್ದರು. ಆದರೆ ಆ ವಾರ ಅವರ ಮೇಜಿನ ಮೇಲೆ ಬೇರೊಂದು ನೀಲಿ ಗಾಡಿಯ ಕಡತವೂ ಇತ್ತು. ಕೈ ತಪ್ಪಿ ಬಿಳಿ ವ್ಯಾನನ್ನು ನೀಲಿ ಎಂದು ಬರೆದಿದ್ದರು. ಆ ಪುಟದ ಪ್ರತಿ ಎರಡು ಕಡೆ ಹೋಗಿತ್ತು. ಒಂದು ಗಡಿ ಪೊಲೀಸರಿಗೆ, ಒಂದು ಸುಂಕ ಇಲಾಖೆಗೆ.

ನನಗೆ ಅರ್ಥವಾಗಲು ಅರೆನಿಮಿಷ ಹಿಡಿಯಿತು. ಅವೆರಡು ಇಲಾಖೆ ಎಲ್ಲೂ ಹುಡುಕಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಅಕ್ಕನ ಪುಟವನ್ನೇ ಓದಿ, ಮಾತು ಬದಲಿಸಿ, ತಮ್ಮ ಸುದ್ದಿ ಎಂದು ವಾಪಸ್ ಕಳಿಸಿದ್ದವು. ಅಕ್ಕನ ತಪ್ಪು ಬಣ್ಣವೂ ಹಾಗೇ ಹೋಗಿ ಹಾಗೇ ಬಂದಿತ್ತು. ಅವರು ತಮ್ಮ ಮಾತನ್ನೇ ಎರಡು ಹೊಸ ಬಾಯಿಂದ ಕೇಳಿ, ಮೂರು ಮೂಲಗಳಿಂದ ದೃಢ ಎಂದು ಹೊಸ ಪುಟ ಬರೆದರು. ಆ ಪುಟದ ಬಲದ ಮೇಲೆ ಡ್ರೈವರ್ ಅರೆಸ್ಟ್ ಆದ. ಅರೆಸ್ಟ್ ಆದ ಇಪ್ಪತ್ತನೇ ದಿನ ಕಡತಕ್ಕೆ ಒಂದು ಫೋಟೋ ಬಂತು. ಐದನೇ ಕಾಗದವಾಗಿ ಅದನ್ನೂ ನನ್ನ ಮುಂದಿಟ್ಟರು. ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತ ವ್ಯಾನು. ಬಿಳಿ.

ಆ ಫೋಟೋ ನೋಡಿದ ಕ್ಷಣವೇ ಅವರಿಗೆ ಎಲ್ಲ ತಿಳಿಯಿತಂತೆ. ಆಗಿನ ಮೇಲಧಿಕಾರಿಯ ಹತ್ತಿರ ಓಡಿದರು. ಆತ, ಪುಟ ಮೇಲೆ ಹೋಗಿಯಾಗಿದೆ, ಇಲಾಖೆಯ ಮರ್ಯಾದೆ ಹೋಗುತ್ತದೆ, ಕೋರ್ಟು ನೋಡಿಕೊಳ್ಳುತ್ತದೆ, ನೀನು ತೆಪ್ಪಗಿರು ಎಂದ. ಇವರು ತೆಪ್ಪಗಿದ್ದರು. ಡ್ರೈವರ್ ಹನ್ನೊಂದು ತಿಂಗಳು ಒಳಗಿದ್ದ. ಬಂದೂಕು ಸಿಕ್ಕಲಿಲ್ಲ, ಬಿಟ್ಟರು. ಅವನ ಕೆಲಸದ ಮೇಲೆ ಕಣ್ಣು ಹಾಕಿದ್ದ ಇನ್ನೊಬ್ಬ ಡ್ರೈವರ್ ಫೀಲ್ಡ್‌ನವನ ಕಿವಿ ಊದಿದ್ದ ಎಂದು ಆಮೇಲೆ ಹೊರಬಿತ್ತು.

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಗೊತ್ತಿದ್ದೂ ಹತ್ತು ತಿಂಗಳು ಒಬ್ಬ ಮನುಷ್ಯನನ್ನು ಜೈಲಿನಲ್ಲಿ ಕೂರಲು ಬಿಟ್ಟರಲ್ಲ, ಹೇಗೆ ಸುಮ್ಮನಿದ್ದಿರಿ ಎಂದು ಕೇಳಿಯೇ ಬಿಟ್ಟೆ.

"ಹೆದರಿದೆ" ಎಂದರು. "ಟೈಪಿಸ್ಟ್ ಆಗಿದ್ದವಳನ್ನು ಮೇಜಿಗೆ ಕೂರಿಸಿ ವರ್ಷ ಆಗಿರಲಿಲ್ಲ. ನಮ್ಮವರ ಕೈ ಮುರಿದು ಮಷೀನ್ ನಿಂತಿತ್ತು. ಮಗಳಿಗೆ ನಾಲ್ಕು ವರ್ಷ. ಇದೆಲ್ಲ ಕಾರಣ ಅಂತ ಹೇಳ್ಕೋಬಹುದು. ಆದ್ರೆ ನಿಜ ಹೇಳಬೇಕು ಅಂದ್ರೆ, ಹೆದರಿದೆ ಅಷ್ಟೇ."

ಅವನು ಬಿಡುಗಡೆಯಾದಾಗ ಅಂತೂ ಮುಗಿಯಿತು ಎಂದುಕೊಂಡಿದ್ದರು. ಈಗ ನನಗಾಗಿ ಕಡತ ತರಿಸಿದಾಗಲೇ ಗೊತ್ತಾದದ್ದು, ಮುಗಿದಿರಲಿಲ್ಲ. ಕಡತದ ಹಿಂದಿನ ರಟ್ಟು ತಿರುಗಿಸಿ ತೋರಿಸಿದರು. ಯಾರಿಗಾದರೂ ಸರ್ಕಾರಿ ಪರವಾನಗಿಯೋ ನೌಕರಿಯೋ ಕೊಡುವ ಮೊದಲು ಅವರ ಬಗ್ಗೆ ಏನಾದರೂ ಇದೆಯೇ ಎಂದು ಬೇರೆ ಕಚೇರಿಗಳು ದಾಖಲೆ ಕೊಠಡಿಯನ್ನು ಕೇಳುತ್ತವೆ. ಕೇಳಿದ್ದು, ಉತ್ತರಿಸಿದ್ದು ರಟ್ಟಿನ ಮೇಲೆ ದಾಖಲಾಗುತ್ತದೆ. ಈ ಡ್ರೈವರ್ ಬಗ್ಗೆ ಏಳು ಸಲ ಕೇಳಿದ್ದರು. ಲೈಸೆನ್ಸ್ ವಾಪಸ್ ಕೊಡಬಹುದೇ ಎಂದು ಒಮ್ಮೆ, ಆಂಬುಲೆನ್ಸ್ ಕೆಲಸಕ್ಕೆ ಒಮ್ಮೆ, ಅಂಚೆ ವ್ಯಾನಿಗೆ ಒಮ್ಮೆ, ಲೈಸೆನ್ಸಿಗೆ ಮತ್ತೆ, ಮತ್ತೆ. ಏಳು ಸಲವೂ ಕೆಳಗಿನವರು ಕಡತ ತೆಗೆದು ನಾಲ್ಕನೇ ಮೇಜಿನ ಪುಟ ನೋಡಿ ಅದೇ ಉತ್ತರ ಕೊಟ್ಟಿದ್ದರು: ಮೂರು ಮೂಲಗಳಿಂದ ದೃಢ. ಕೊನೆಯ ಅರ್ಜಿಯಲ್ಲಿ ಅವನ ಕಸುಬು ಮೂಟೆ ಇಳಿಸುವುದು ಎಂದಿತ್ತು.

ಇಲಾಖೆಯಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಮೇಲೆ ಹೋದ ಪುಟವನ್ನು ಬರೆದವರೇ ವಾಪಸ್ ತೆಗೆದುಕೊಳ್ಳಬೇಕು, ಕಾರಣ ಬರೆಯಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಬರೆದವರು ನಿವೃತ್ತರಾದರೆ ಪುಟ ಹಾಗೇ ಉಳಿಯುತ್ತದೆ. ಅಕ್ಕ ಮೂರು ದಿನ ಆ ಕಡತದ ಮುಂದೆ ಯಾಕೆ ಕೂತಿದ್ದರು ಎಂದು ಈಗ ತಿಳಿಯಿತು.

ಅವರ ಕಾಲಿಗೆ ತೊಡರಿದ್ದು ನಾನೇ ಬರೆದ ಒಂದು ಸಾಲು. ಗಂಭೀರ ತಪ್ಪನ್ನು ತಿಳಿದೂ ಮುಚ್ಚಿಟ್ಟವರಿಗೆ ವಿಚಾರಣೆ ಮುಗಿಯುವವರೆಗೆ ಪ್ರಮಾಣಪತ್ರ ಕೊಡತಕ್ಕದ್ದಲ್ಲ. ನರ್ಸ್‌ಗಳ ಚೌಕಟ್ಟಿನಿಂದ ಎತ್ತಿ ತಂದು ಇಲ್ಲಿಗೂ ಅಂಟಿಸಿದ್ದೆ, ಎರಡನೇ ಸಲ ಯೋಚಿಸಿಯೂ ಇರಲಿಲ್ಲ. ಇಲಾಖೆಯ ವಿಚಾರಣೆ ಎಂದರೆ ಎರಡು ವರ್ಷಕ್ಕೆ ಕಡಿಮೆ ಇಲ್ಲ. ಪುಟ ವಾಪಸ್ ತೆಗೆದುಕೊಂಡರೆ ಪ್ರಮಾಣಪತ್ರ ಇಲ್ಲ, ಮೇಜಿಲ್ಲ, ನಿವೃತ್ತಿಯವರೆಗೂ ನೆಲಮಾಳಿಗೆ.

ನಾನು ಆ ಸಾಲು ಕಿತ್ತುಹಾಕುತ್ತೇನೆ ಎಂದೆ. ಅಕ್ಕ ಬೇಡ ಎಂದರು. ಸರಿಯಾದ ಸಾಲು ಅದು, ಹತ್ತೊಂಬತ್ತು ವರ್ಷದ ಹಿಂದೆಯೇ ಯಾರಾದರೂ ಬರೆದಿದ್ದರೆ ನನ್ನ ಮೇಲಧಿಕಾರಿಗೂ ಹೆದರಿಕೆ ಇರುತ್ತಿತ್ತು ಎಂದರು. ಹಾಗಾದರೆ ಡಿಸೆಂಬರಿನಲ್ಲಿ ಪರೀಕ್ಷೆ ಬರೆದು, ಪ್ರಮಾಣಪತ್ರ ಕೈಗೆ ಬಂದ ಮೇಲೆ ಜನವರಿಯಲ್ಲಿ ಪುಟ ವಾಪಸ್ ತೆಗೆದುಕೊಳ್ಳಿ, ಹತ್ತೊಂಬತ್ತು ವರ್ಷ ಕಾದದ್ದು ಇನ್ನು ನಾಲ್ಕು ತಿಂಗಳು ಕಾಯಲಿ ಎಂದೆ. ಆ ನಾಲ್ಕು ತಿಂಗಳಲ್ಲಿ ಎಂಟನೇ ಸಲ ಕೇಳಿಬಿಟ್ಟರೆ ಎಂದರು. ಕೊನೆಗೆ, ಹೋಗಲಿ, ಘಟನೆಯನ್ನಾದರೂ ಯಾರದೋ ಎಂದು ಬರೆದುಬಿಡುತ್ತೇನೆ, ನಿಮ್ಮ ಮೇಜಿನ ನಂಬರು ಹಾಕುವುದು ಬೇಡ ಎಂದೆ.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಓದಿದವರು ಯಾರಂದ್ರು ಅಂತ ಕೇಳಿದ್ರೆ ಏನು ಹೇಳ್ತೀರಿ, ಮೇಷ್ಟ್ರೆ?"

ಅಷ್ಟು ದಿನ ತಮಾಷೆಯಾಗಿ ಕೇಳಿಸುತ್ತಿದ್ದ ಮಾತು ಅದು. ಕೋಣೆಯವರೆಲ್ಲ ಅದನ್ನೇ ಹಿಡಿದು ಅವರನ್ನು ಕಾಡಿಸುತ್ತಿದ್ದರು, ನಾನೂ ಕಾಡಿಸಿದ್ದೆ. ಅದು ಎಲ್ಲಿಂದ ಹುಟ್ಟಿತು ಎಂದು ಗೊತ್ತಾದ ಮೇಲೆ ನನಗೆ ನಾಚಿಕೆಯಾಯಿತು. ಅವರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ.

ಆ ಮಧ್ಯಾಹ್ನವೇ ಅವರು ಪುಟ ವಾಪಸ್ ಪಡೆಯುವ ಕಾಗದ ಬರೆದು ನಿರ್ದೇಶಕರ ಕೋಣೆಗೆ ತೆಗೆದುಕೊಂಡು ಹೋದರು. ನಿರ್ದೇಶಕರು ಒಳ್ಳೆಯ ಮನುಷ್ಯ, ಆದರೆ ಹೊಸಬರು. ಓದಿ ತಲೆಯ ಮೇಲೆ ಕೈ ಹೊತ್ತು ಕೂತರಂತೆ. ವಿಚಾರಣೆ ಬೇಗ ಮುಗಿಸಲು ನೋಡುತ್ತೇನೆ ಎಂದರಂತೆ. ಬೇಗ ಎಂಬುದು ಅವರ ಕೈಯಲ್ಲಿರಲಿಲ್ಲ.

ಡಿಸೆಂಬರಿನ ಪರೀಕ್ಷೆಗೆ ಬೇರೆ ಊರುಗಳ ಶಾಖೆಗಳವರೂ ಸೇರಿ ನಲವತ್ತೊಂದು ಜನ ಕೂತರು. ಮೂಲ ಪರಿಶೀಲನೆಯ ಪ್ರಶ್ನೆಗೆ ಅಕ್ಕನ ಮೂರು ಕಾಗದಗಳನ್ನೇ ಹೆಸರು ಅಳಿಸಿ ಕೊಟ್ಟೆವು. ಮೂವತ್ತೆಂಟು ಜನ ಮೂರು ಮೂಲಗಳಿಂದ ದೃಢ ಎಂದು ಬರೆದರು. ಎರಡೆರಡು ಡಿಗ್ರಿ ಮಾಡಿದವರು ಬರೆದರು, ಮಗಳ ಮದುವೆಯ ತಮಾಷೆ ಹೇಳುತ್ತಿದ್ದ ಉಪನಿರ್ದೇಶಕರೂ ಬರೆದರು. ವ್ಯಾನು ನೀಲಿ ಎಂದು ಒಬ್ಬ ಮಹಾಶಯ ಅರ್ಧ ಪುಟ ವಾದ ಮಾಡಿದ್ದ. ಆಮೇಲೆ ಸಭಾಂಗಣದಲ್ಲಿ ಘಟನೆಯ ಕಾಗದ ಹಂಚಿದೆವು. ಅದರ ಕೆಳಗೆ ನಾಲ್ಕನೇ ಮೇಜು ಎಂದಿತ್ತು. ನಾಲ್ಕನೇ ಮೇಜು ಯಾರೆಂದು ಆ ಕೋಣೆಯವರಿಗೆಲ್ಲ ಗೊತ್ತಿತ್ತು. ಅಕ್ಕ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಆ ದಿನದಿಂದ ಅವರನ್ನು ಆ ಅಡ್ಡಹೆಸರಿನಿಂದ ಕಾಡಿಸುವವರು ಕಡಿಮೆಯಾದರು.

ಮೂವತ್ತೆಂಟು ಜನರಿಗೆ ಮರುಪರೀಕ್ಷೆ, ಅಲ್ಲಿಯವರೆಗೆ ಅವರು ಮೇಜಿನಲ್ಲೇ ಇರಬಹುದು ಎಂದು ಮೇಲಿನಿಂದ ವಿನಾಯಿತಿ ಬಂತು. ಅದಕ್ಕೆ ಮುಂಚೆ ಆರು ವಾರ ಪಾಠ. ಪಾಠ ಹೇಳಲು ಬೇರೆ ಯಾರೂ ಇರಲಿಲ್ಲ, ಅಕ್ಕನೇ ಹೇಳಿದರು. ಪ್ರಮಾಣಪತ್ರ ಇಲ್ಲದವರು ಪ್ರಮಾಣಪತ್ರಕ್ಕೆ ಪಾಠ ಹೇಳಬಹುದೇ ಎಂದು ಯಾರೋ ಒಬ್ಬರು ತಕರಾರು ತೆಗೆದರು. ನಾನು ಅವರಿಗೆ ಏನು ಹೇಳಿದೆ ಎಂಬುದು ಇಲ್ಲಿ ಬೇಡ.

ಅದಾದ ಮೇಲೆ ನನಗೆ ಬೇರೆ ಕೆಲಸ ಬಂತು, ಈಜುಕೊಳದ ಕಾವಲುಗಾರರ ಚೌಕಟ್ಟು. ಹತ್ತು ತಿಂಗಳ ನಂತರ ಎರಡನೇ ವರ್ಷದ ಪರೀಕ್ಷೆಯ ಸಿದ್ಧತೆಗೆ ಮತ್ತೆ ಆ ಊರಿಗೆ ಹೋದೆ. ಮೊದಲು ಟೈಲರ್ ಅಂಗಡಿಗೆ ಹೋದೆ, ಸಡಿಲಿಸಿದ ಪ್ಯಾಂಟು ಮತ್ತೆ ಬಿಗಿಯಾಗಿತ್ತು. ಗೋಡೆಯ ಮೊಳೆ ಅಲ್ಲೇ ಇತ್ತು, ಅದಕ್ಕೆ ಅಳತೆ ಟೇಪು ನೇತುಹಾಕಿದ್ದರು. ಕೈಗೆ ಎಟುಕುವ ಹಾಗಿದೆ, ಅನುಕೂಲವಾಯ್ತು ಎಂದರು. ಮನೆಗೆ ಈಗ ಬ್ರೆಡ್ ಬರುತ್ತಿದೆಯಂತೆ. ಅವಳೇ ಒಂದು ದಿನ ತಂದಳು, ನಾನು ಈಗಲೂ ಕೇಳಿಲ್ಲ, ಆದರೆ ಇಷ್ಟು ವರ್ಷ ಬಿಟ್ಟು ತಿಂದರೆ ನನಗೆ ರುಚಿಯೇ ಹತ್ತುತ್ತಿಲ್ಲ ಎಂದು ಗೊಣಗಿದರು.

ದಾಖಲೆ ಕೊಠಡಿಗೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಕಿಟಕಿ ಇಲ್ಲ. ಕಬ್ಬಿಣದ ಕಪಾಟುಗಳ ಸಾಲು, ಹಳೆಯ ಕಾಗದದ ವಾಸನೆ, ಒಂದು ಫ್ಯಾನು, ಎರಡು ಮೇಜು. ಒಂದರಲ್ಲಿ ಅಲ್ಲಿನ ಹಳೆಯ ಗುಮಾಸ್ತರು, ಇನ್ನೊಂದರಲ್ಲಿ ಅಕ್ಕ. ಕಿವಿಯ ಮೇಲೆ ಪೆನ್ಸಿಲು ಹಾಗೇ ಇತ್ತು. ಹೇಗಿದ್ದೀರಿ ಎಂದು ಕೇಳಿದೆ. ಕಿಟಕಿ ನೆನಪಾಗುತ್ತೆ ಎಂದರು. ಮೇಲಿನವರು ದಿನಕ್ಕೊಬ್ಬರಾದರೂ ವರದಿ ಹಿಡಿದು ಮೆಟ್ಟಿಲು ಇಳಿದು ಬರುತ್ತಾರೆ, ಈ ಬೇರು ಸರಿಯೇ ನೋಡಿ ಎನ್ನುತ್ತಾರೆ, ಹಾಗಾಗಿ ಓದಲು ಇನ್ನೂ ಸಿಗುತ್ತಿದೆ ಎಂದರು. ವಿಚಾರಣೆ ಎಲ್ಲಿಗೆ ಬಂತು ಎಂದರೆ, ಮೊದಲನೇ ಕಾಗದಕ್ಕೆ ನಂಬರು ಬಿದ್ದಿದೆ ಎಂದು ನಕ್ಕರು.

ನಾವು ಮಾತಾಡುತ್ತಿರುವಾಗಲೇ ಬೇರೆ ಕಚೇರಿಗಳು ಕೇಳಿ ಕಳಿಸಿದ ಆ ದಿನದ ಚೀಟಿಗಳ ಕಟ್ಟು ಬಂತು. ಗುಮಾಸ್ತರು ಒಂದೊಂದೇ ಬಿಡಿಸಿ ಹೆಸರು ಓದುತ್ತಾ ಕಪಾಟಿನ ನಂಬರು ಹುಡುಕುತ್ತಿದ್ದರು. ಐದನೆಯದೋ ಆರನೆಯದೋ ಚೀಟಿಗೆ ಅವರ ದನಿ ನಿಂತಿತು. ಅಕ್ಕನ ಕಡೆ ನೋಡಿದರು. ಶಾಲಾ ವ್ಯಾನ್ ಓಡಿಸುವ ಲೈಸೆನ್ಸಿಗೆ ಅರ್ಜಿ. ಅರ್ಜಿದಾರನ ವಯಸ್ಸು ಐವತ್ತು, ಹಿಂದಿನ ಕೆಲಸ ಬೇಕರಿ ಡ್ರೈವರ್, ಈಗಿನ ಕೆಲಸ ಮೂಟೆ ಇಳಿಸುವುದು. ಇವರ ಬಗ್ಗೆ ನಿಮ್ಮಲ್ಲಿ ಏನಾದರೂ ಇದೆಯೇ?

ಅಕ್ಕ ಎದ್ದು ಕಪಾಟಿನಿಂದ ತಾವೇ ಕಡತ ತೆಗೆದರು. ರಟ್ಟಿನ ಮೇಲಿನ ಏಳು ಸಾಲುಗಳ ಕೆಳಗೆ ಎಂಟನೆಯದಕ್ಕೆ ಜಾಗವಿತ್ತು. ಒಳಗೆ ಆ ಪುಟ ಇದ್ದ ಕಡೆ ಈಗ ಅದನ್ನು ವಾಪಸ್ ಪಡೆದಿದ್ದೇನೆ ಎಂದು ಅವರೇ ಬರೆದ ಕಾಗದ ಮಾತ್ರ ಇತ್ತು. ಅದನ್ನು ಒಮ್ಮೆ, ಮತ್ತೊಮ್ಮೆ ಓದಿದರು. ಆಮೇಲೆ, ಏನೂ ಇಲ್ಲ ಅಂತ ಬರೆಯಿರಿ ಎಂದರು.

ಗುಮಾಸ್ತರು ಬರೆದರು. ಚೀಟಿಯ ಕೊನೆಯಲ್ಲಿ ಉತ್ತರ ಕೊಟ್ಟವರ ಪೂರ್ತಿ ಹೆಸರಿಗೆ ಒಂದು ಖಾನೆ ಇರುತ್ತದೆ. ಕೆಳಗಿನ ಕೊಠಡಿಯಿಂದ ಹೊರಗೆ ಹೋಗುವ ಕಾಗದಕ್ಕೆ ಮೇಜಿನ ನಂಬರು ಸಾಲದು. ಗುಮಾಸ್ತರ ಪೆನ್ನು ಆ ಖಾನೆಯ ಮೇಲೆ ನಿಂತಿತು.

"ಯಾರಂದ್ರು ಅಂತ ಹಾಕಲಿ, ಅಕ್ಕ?"

ಅವರು ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ನನಗೆ ಈಗಲೂ ಗೊತ್ತಿಲ್ಲ.

"ಕೊಡಿ ಇಲ್ಲಿ" ಎಂದು ಅಕ್ಕ ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಾನಂದೆ."

ಆ ಖಾನೆಯಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ, ತಮ್ಮ ಪೂರ್ತಿ ಹೆಸರು ಬರೆದರು. ಶಾಯಿ ಆರಲಿ ಎಂದು ಚೀಟಿಯನ್ನು ಫ್ಯಾನಿನ ಕಡೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.